ಚೀಲದ ತಳದ ನುಚ್ಚು

ನಾನು ಒಳಗೆ ಕಾಲಿಟ್ಟಾಗ ಆ ಹೆಣ್ಣು ಕುದುರೆ ಲಾಯದ ಮೂಲೆಯಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ಒರಗಿ ನಿಂತಿರಲಿಲ್ಲ, ಒತ್ತುತ್ತಿತ್ತು. ಹಿಂಗಾಲುಗಳನ್ನು ನೆಲಕ್ಕೆ ಊರಿ, ಮೈಭಾರವನ್ನೆಲ್ಲ ತಲೆಗೆ ತಂದು, ಗೋಡೆಯ ಆಚೆಗೆ ಹೋಗಲೇಬೇಕು ಎನ್ನುವಂತೆ. ಹಣೆಯ ಚರ್ಮ ಸುಲಿದು, ಸುಣ್ಣದ ಗೋಡೆಯ ಮೇಲೆ ಅಂಗೈಯಗಲದ ಕಲೆಯಾಗಿತ್ತು. ಮದುವೆ ಮೆರವಣಿಗೆಗೆಂದು ಸಾಕಿದ್ದ ಬಿಳಿ ಕುದುರೆ. ಹೆಸರು ಚಮೇಲಿ.

ಹುಣಸೂರು ಪಟ್ಟಣದ ಅಂಚಿನ ಆ ಮನೆಯವರು ಹಿಂದೆ ಜಟಕಾ ಓಡಿಸುತ್ತಿದ್ದವರು. ಜಟಕಾ ಹೋದ ಮೇಲೂ ಅವರು ಕುದುರೆ ಸಾಕುವುದನ್ನು ಬಿಡಲಿಲ್ಲ. ಈಗ ಮದುವೆಗಳಿಗೆ, ಕಬಿನಿ ಹಿನ್ನೀರಿನ ಕಡೆಯ ರೆಸಾರ್ಟುಗಳಿಗೆ ಕಳಿಸುತ್ತಾರೆ. ಮುದಿ ಚಮೇಲಿಯ ಜೊತೆಗೆ ದುಡಿಯುವ ಗಂಡು ಕುದುರೆಗಳು ಎರಡು, ಒಂದು ಕಂದು, ಒಂದು ಬಿಳಿ. ಯಜಮಾನರನ್ನು ಎಲ್ಲರೂ ಸಾಹೇಬರು ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕುದುರೆ ಪಳಗಿಸುವುದು, ಕರೆದೊಯ್ಯುವುದು ಅವರ ಕೆಲಸ. ಮೇವು, ನೀರು, ಕಾಳು ಅವರ ಹೆಂಡತಿಯದು, ನಾನು ಅವರನ್ನು ಅಮ್ಮ ಎನ್ನುತ್ತೇನೆ.

ಫೋನಿನಲ್ಲಿ ಸಾಹೇಬರು ಹೊಟ್ಟೆನೋವು ಎಂದಿದ್ದರು. ನಾನು ಪಶುವೈದ್ಯೆ. ನನ್ನ ದಿನವೆಲ್ಲ ಹಸು, ಎಮ್ಮೆ, ಕುರಿಗಳ ಜೊತೆ ಹೋಗುತ್ತದೆ. ಕುದುರೆಯ ಕರೆ ಬಂದರೆ ಹೆಚ್ಚಾಗಿ ಹೊಟ್ಟೆಯ ಕರೆಯೇ. ಹಾಗಾಗಿ ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ, ಎಣ್ಣೆ, ನೋವಿನ ಮದ್ದು ತಂದಿದ್ದೆ. ಪಕ್ಕೆಗೆ ಸ್ಟೆತಸ್ಕೋಪ್ ಇಟ್ಟು ಎರಡೂ ಕಡೆ ಕೇಳಿದೆ. ಕರುಳು ಎಂದಿನಂತೆ ಗುಡುಗುಡು ಎನ್ನುತ್ತಿತ್ತು. ಒಸಡು ತಿಳಿಗೆಂಪು. ಲದ್ದಿ ಸರಿಯಾಗಿತ್ತು. ಜ್ವರವಿರಲಿಲ್ಲ. ಬಲಗಣ್ಣಿನ ಮುಂದೆ ಕೈ ಬೀಸಿದೆ, ರೆಪ್ಪೆ ಅಲುಗಲಿಲ್ಲ. ಎಡಗಣ್ಣು ತಡವಾಗಿ ಮಿಟುಕಿತು. ಕೆಳದುಟಿ ಒಂದು ಕಡೆಗೆ ಜೋತು ಜೊಲ್ಲು ಇಳಿಯುತ್ತಿತ್ತು. ಗೋಡೆಯಿಂದ ಬಿಡಿಸಿ ಹಗ್ಗ ಹಿಡಿದು ನಡೆಸಿದರೆ ನೇರ ಬರಲಿಲ್ಲ, ಎಡಕ್ಕೇ ಸುತ್ತಿತು, ಮತ್ತೆ ಬಂದು ಅದೇ ಗೋಡೆಗೆ ತಲೆ ಕೊಟ್ಟಿತು.

ತಂದ ಕೊಳವೆಯನ್ನು ಚೀಲದಿಂದ ತೆಗೆಯಲೇ ಇಲ್ಲ.

ಕಾಡಂಚಿನ ತಾಲ್ಲೂಕುಗಳಲ್ಲಿ ಕೆಲಸ ಮಾಡುವವರಿಗೆ ಇಂಥದ್ದು ಕಂಡರೆ ಮೊದಲು ಹೊಳೆಯುವುದು ರೇಬೀಸ್. ಕೈಗವಸು ಬದಲಿಸಿ, ಎಲ್ಲರನ್ನೂ ಲಾಯದ ಹೊರಗೆ ಕಳಿಸಿದೆ.

"ನಾಯಿ ಏನಾದ್ರೂ ಕಚ್ಚಿತ್ತಾ ಸಾಹೇಬ್ರೇ?"

"ಈ ಬೀದೀಲಿ ಯಾರ್ಗೆ ಕಚ್ಚಿಲ್ಲ ಹೇಳಿ ಮೇಡಂ" ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಗಾಯ ಅಂತೂ ಕಾಣ್ಲಿಲ್ಲ."

"ಬಾಯಿಗೆ ಕೈ ಹಾಕಿದೋರು ಯಾರು?"

ಅವರ ಹೆಂಡತಿ ಬಾಗಿಲಿನಾಚೆ ನಿಂತಿದ್ದರು. ಅರವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಹೆಂಗಸು. "ನಾನೇ. ನೆನ್ನೆಯಿಂದ ತಿಂತಿರ್ಲಿಲ್ಲ. ಉಂಡೆ ಮಾಡಿ ನಾಲಿಗೆ ಮೇಲೆ ಇಟ್ಟೆ. ನುಂಗಿದ್ಲು" ಎಂದರು. ತಿನ್ನಿಸಿದ್ದೆ ಎನ್ನುವ ಸಮಾಧಾನ ಆ ಮಾತಿನಲ್ಲಿತ್ತು.

ಇಬ್ಬರೂ ಕೂಡಲೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಬೇಕು, ಇನ್ನು ಮೇಲೆ ಚಮೇಲಿಯನ್ನು ಮುಟ್ಟಬಾರದು ಎಂದೆ. ಚುಚ್ಚುಮದ್ದಿಗೆ ಅಮ್ಮ ಒಪ್ಪಿದರು. ಮುಟ್ಟಬಾರದು ಎಂದಾಗ ಲಾಯದೊಳಕ್ಕೆ ಇಣುಕಿದರು.

ರೇಬೀಸ್ ಎಂದುಕೊಂಡು ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಯಾವ ಪ್ರಾಣಿಯನ್ನು ನೋಡಿದರೂ ಅದರ ಗೋದಲಿ ನೋಡದೆ ಹೊರಡುವ ಅಭ್ಯಾಸ ನನಗಿಲ್ಲ. ಮೇವಿನ ಕೋಣೆ ತೋರಿಸಿ ಎಂದೆ.

ಕೋಣೆ ಚೊಕ್ಕಟವಾಗಿತ್ತು. ರಾಗಿ ಹುಲ್ಲಿನ ಹೊರೆ, ಬೂಸಾ, ಒಂದು ಡಬ್ಬದಲ್ಲಿ ಹುರುಳಿ. ಗೋಡೆಗೆ ಒತ್ತಿಕೊಂಡು, ನೆಲದ ಮೇಲೆ, ಮುಸುಕಿನ ಜೋಳದ ಚೀಲಗಳು. ರಾವಂದೂರಿನ ಕಡೆಯ ಒಬ್ಬ ರೈತರು ಪ್ರತಿ ಸುಗ್ಗಿಗೂ ಕೊಡುತ್ತಾರಂತೆ. ಆ ವರ್ಷ ತೆನೆ ಮುರಿಯುವ ಹೊತ್ತಿಗೆ ಮಳೆ ಹಿಡಿದಿತ್ತು. ಎಲ್ಲರಂತೆ ಅವರೂ ಟಾರು ರಸ್ತೆಯ ಮೇಲೆ ಹರವಿ, ಮೋಡ ಕಂಡಾಗ ಟಾರ್ಪಾಲು ಮುಚ್ಚಿ, ಬಿಸಿಲು ಬಂದಾಗ ತೆಗೆದು ಒಣಗಿಸಿದ್ದರು.

ಅಮ್ಮ ತಾವು ಮಾಡುವ ಕ್ರಮವನ್ನು ವಿವರಿಸಿದರು. ಚೀಲದಿಂದ ತೆಗೆದ ಕಾಳನ್ನು ಮೊದಲು ಜರಡಿಗೆ ಹಾಕುವುದು. ಮೇಲೆ ನಿಂತ ಇಡಿಗಾಳು ದುಡಿಯುವ ಗಂಡುಗಳಿಗೆ. ಕೆಳಗೆ ಬಿದ್ದ ಒಡಕಲು, ನುಚ್ಚು, ಹುಡಿ ಎಲ್ಲ ಒಂದು ಡಬ್ಬಕ್ಕೆ. ಚಮೇಲಿಯ ದವಡೆಹಲ್ಲು ಸವೆದಿತ್ತು. ಹುಲ್ಲನ್ನು ಅರ್ಧ ಅಗಿದು ಉಂಡೆಯಾಗಿ ಉಗುಳುತ್ತಿದ್ದಳು. ಹಾಗಾಗಿ ಅವಳಿಗೆ ಡಬ್ಬದ ನುಚ್ಚನ್ನು ಬಿಸಿನೀರಲ್ಲಿ ನೆನೆಸಿ, ಬೂಸಾ, ಚೂರು ಬೆಲ್ಲ ಸೇರಿಸಿ ಕಲಸಿ ಕೊಡುವುದು.

"ಬೇರೆ ಮನೇಲಿ ಇದನ್ನ ತಿಪ್ಪೆಗೆ ಹಾಕ್ತಾರೆ. ನಮ್ಮನೇಲಿ ಒಂದ್ ಚಿಟಿಕೆ ಹಾಳಾಗಲ್ಲ ಮೇಡಂ. ಅವ್ಳೂ ಎಷ್ಟು ಇಷ್ಟಪಟ್ಟು ತಿಂತಾಳೆ" ಎಂದರು.

ಡಬ್ಬ ತೆರೆದೆ. ಹಳೆಯ ಹಿಟ್ಟಿನ ವಾಸನೆ ಇತ್ತು, ಅಷ್ಟೆ. ಅಂಗೈ ಮೇಲೆ ಹರವಿ ಬಿಸಿಲಿಗೆ ಹಿಡಿದೆ. ಒಡಕಲುಗಳಲ್ಲಿ ಕೆಲವಕ್ಕೆ ಬಿಳಿಯ, ನಸುಗೆಂಪಿನ ಧೂಳು ಅಂಟಿತ್ತು. ಚೀಲದ ಇಡಿಗಾಳುಗಳಲ್ಲೂ ಅಲ್ಲೊಂದು ಇಲ್ಲೊಂದರ ತುದಿಯಿಂದ ಬಿಳಿ ಗೆರೆಗಳು ಚದುರಿದ್ದವು. ಗೊತ್ತಿಲ್ಲದವರಿಗೆ ಅದು ಕಾಳಿನ ಬಣ್ಣವೇ. ನನಗೂ ಖಾತ್ರಿ ಇರಲಿಲ್ಲ.

ಅಂಗಳಕ್ಕೆ ಬಂದು ಮೈಸೂರಿನಲ್ಲಿರುವ ನನ್ನ ಗುರುಗಳಿಗೆ ಫೋನ್ ಮಾಡಿದೆ. ವೃತ್ತಿಯ ಬಹುಪಾಲು ಕುದುರೆಗಳ ಜೊತೆ ಕಳೆದವರು. ಮನೆಯಲ್ಲಿ ಮೂರು ಕುದುರೆ, ಇದು ಮುದಿಯದು ಎಂದು ತಿಳಿಸಿ, ಕಣ್ಣು, ತುಟಿ, ಸುತ್ತುವುದು, ಗೋಡೆ, ಜ್ವರವಿಲ್ಲದ್ದು ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಜೋಳ ತಿನ್ನಿಸ್ತಾರಾ?"

ಹೌದು ಎಂದೆ.

"ರೇಬೀಸ್ ಅಂತಾನೇ ಎಚ್ಚರಿಕೆ ತಗೋ. ಆದ್ರೆ ಜೋಳ ಈ ಕ್ಷಣ ನಿಲ್ಲಿಸು. ಮೂರಕ್ಕೂ. ಹೊಲದಲ್ಲೇ ಹಿಡಿಯೋ ಒಂದು ಬೂಷ್ಟು ಇದೆ, ಅದರ ವಿಷ ಕುದುರೆಯ ಮೆದುಳಿಗೆ ಹೋಗುತ್ತೆ. ಇಡಿಗಾಳಿಗಿಂತ ಒಡಕಲಲ್ಲಿ, ಹುಡಿಯಲ್ಲಿ ಜಾಸ್ತಿ. ಬೇಯಿಸಿದ್ರೂ ಹೋಗಲ್ಲ, ಒಣಗಿಸಿದ್ರೂ ಹೋಗಲ್ಲ. ಮುದಿ ಕುದುರೆಗೆ ಔಷಧಿ ಇಲ್ಲಮ್ಮ. ಉಳಿದೆರಡನ್ನ ನೋಡ್ಕೋ."

ಫೋನ್ ಇಟ್ಟು ತಿರುಗಿ ನೋಡಿದೆ. ಲಾಯದ ಆ ತುದಿಯಲ್ಲಿ ಕಂದು ಕುದುರೆ ಗೋದಲಿಯ ತಳವನ್ನು ನಾಲಿಗೆಯಿಂದ ಸವರುತ್ತಿತ್ತು. ಬೆಳಗಿನ ಜೋಳ ತಿಂದು ಮುಗಿಸಿತ್ತು. ಆಗಿನಿಂದ ನನ್ನ ಮುಂದಿದ್ದ ಕೆಲಸ ಅದನ್ನೂ ಅದರ ಜೊತೆಯ ಬಿಳಿ ಗಂಡು ಕುದುರೆಯನ್ನೂ ಉಳಿಸುವುದು.

ಸಾಹೇಬರನ್ನು ಪಕ್ಕಕ್ಕೆ ಕರೆದು ಇಷ್ಟನ್ನೂ ಹೇಳಿದೆ. ಅವರು ಕೇಳುತ್ತ ಕೇಳುತ್ತ ಜಗಲಿಯ ಮೇಲೆ ಕುಳಿತರು.

"ಕಾಳು ನಿಲ್ಲಿಸ್ತೀನಿ ಮೇಡಂ. ಆದ್ರೆ ನುಚ್ಚಿನ ವಿಷ್ಯ ಅವ್ಳ ಕಿವಿಗೆ ಬೀಳೋದು ಬೇಡ. ಹುಚ್ಚು ನಾಯಿ ಅಂತಲೇ ಹೇಳ್ಬುಡಿ. ಚಮೇಲಿ ಮರಿಯಾಗಿ ನಮ್ಮನೆಗೆ ಬಂದಾಗ ನಮ್ಮ ಮಗಳು ತೀರ್ಕೊಂಡು ಇನ್ನೂ ವರ್ಷ ಆಗಿರ್ಲಿಲ್ಲ. ಇವ್ಳು ಎದ್ದು ಓಡಾಡೋಕೆ ಶುರು ಮಾಡಿದ್ದೇ ಅದರ ದೆಸೆಯಿಂದ."

ಖಾತ್ರಿಯಾಗುವವರೆಗೆ ಹೇಳುವುದಿಲ್ಲ ಎಂದೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ.

ಮಧ್ಯಾಹ್ನ ರಾವಂದೂರಿನ ರೈತರು ಬೈಕಿನಲ್ಲಿ ಬಂದರು. ಸಾಹೇಬರು ಕರೆಸಿದ್ದರು. ಆಗ ಅಮ್ಮ ಆಸ್ಪತ್ರೆಗೆ ಹೋಗಿದ್ದರು. ರೈತರು ಡಬ್ಬಕ್ಕೆ ಕೈ ಹಾಕಿ, ಮೂಸಿ, ನನ್ನ ಕಡೆ ತಿರುಗಿದರು.

"ನಮ್ಮ ಅಸ ಇದ್ನೇ ತಿಂದು ಗುಂಡ್ಕಲ್ಲಂಗೆ ಅವೆ ಕಣವ್ವ. ಕೋಳಿ ತಿಂತವೆ. ನಾವೂ ಸುಟ್ಕೊಂಡು ತಿಂದಿವಿ. ಕುದ್ರೆಗೇನು ಅಂತ ಕಿರೀಟ?"

"ನಿಮ್ಮ ಹಸೀಗೆ ನಾಕ್ ಹೊಟ್ಟೆ ಕಣ್ರೀ ಗೌಡ್ರೆ, ಒಂದ್ರಲ್ಲಿ ತಡೀದಿದ್ರೆ ಇನ್ನೊಂದ್ರಲ್ಲಿ ತಡೀತದೆ. ಇದುಕ್ಕಿರೋದು ಒಂದೇ" ಎಂದರು ಸಾಹೇಬರು.

"ಒಂದಿದ್ರೂ ನನ್ನ ಕಾಳ್ನೇ ಯಾಕ್ ದೂರ್ತೀರಿ ಸಾಬ್ರೆ? ಓದ್ ವರ್ಸ ತಿಂದಿಲ್ವಾ?"

ಹಸು ತಿಂದದ್ದನ್ನು ಕುದುರೆಯೂ ತಿನ್ನಬಹುದು ಎನ್ನುವುದು ಈ ಸೀಮೆಯ ಲೆಕ್ಕ. ಇಲ್ಲಿ ಎಲ್ಲರಿಗೂ ಹಸು ಗೊತ್ತು. ಹಸು ನುಂಗಿದ್ದನ್ನು ಅದರ ಮೊದಲ ಹೊಟ್ಟೆ ಕೊಳೆಹಾಕಿ, ಒಡೆದು, ಎಷ್ಟೋ ಕೆಟ್ಟದ್ದನ್ನು ಪಳಗಿಸಿಬಿಡುತ್ತದೆ, ಈ ವಿಷವನ್ನೂ ಅದರ ಮೈ ಬಹುಮಟ್ಟಿಗೆ ತಡೆಯುತ್ತದೆ. ಕುದುರೆಗೆ ಆ ಅನುಕೂಲವಿಲ್ಲ, ವಾಂತಿ ಮಾಡಲೂ ಬಾರದು. ಇದನ್ನು ಹೇಳಿ, ಬನ್ನಿ ಎಂದು ರೈತರನ್ನು ಲಾಯದ ಬಾಗಿಲಿಗೆ ಕರೆದುಕೊಂಡು ಹೋದೆ. ಚಮೇಲಿ ಗೋಡೆಗೆ ತಲೆ ಕೊಟ್ಟೇ ನಿಂತಿತ್ತು. ಅವರು ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಚಮೇಲಿಗೆ ಮೆದುಳಿನ ಊತ ಇಳಿಸುವ ಮದ್ದು ಕೊಟ್ಟೆ, ರಕ್ತನಾಳಕ್ಕೆ ಡ್ರಿಪ್ ಹಾಕಿದೆ. ಫಲ ನಿರೀಕ್ಷಿಸಿರಲಿಲ್ಲ. ಮರುದಿನ ಬೆಳಿಗ್ಗೆ ಹೋದಾಗ ಚಮೇಲಿ ಬಿದ್ದಿತ್ತು. ಕಾಲುಗಳು ಓಡುವಂತೆ ಆಡುತ್ತಿದ್ದವು, ತಲೆ ನೆಲಕ್ಕೆ ಬಡಿಯುತ್ತಿತ್ತು. ಸಾಹೇಬರು ಹುಲ್ಲಿನ ಮೂಟೆ ಅಡ್ಡ ಇಟ್ಟು, ಅದು ತಲೆ ಒಡೆದುಕೊಳ್ಳದಂತೆ ಮಾಡಿದ್ದರು. ಇನ್ನು ನರಳಿಸದೆ ಕಳಿಸಿಕೊಡೋಣ ಎಂದು ನಾನು ಹೇಳುವ ಮೊದಲೇ ಅವರು ತಲೆಯಾಡಿಸಿದರು.

ಅಮ್ಮ ಬಾಗಿಲಲ್ಲಿ ನಿಂತು, "ಒಂದ್ಸಲ ಕತ್ತು ಮುಟ್ಲಾ?" ಎಂದು ಕೇಳಿದರು.

ಬೇಡ ಎಂದೆ. ರೇಬೀಸ್ ಅಲ್ಲವೆಂದು ನನಗೆ ಆಗ ತೊಂಬತ್ತು ಪಾಲು ಅನಿಸಿತ್ತು. ಉಳಿದ ಹತ್ತು ಪಾಲಿಗೆ ಬೇಡ ಎಂದೆ. ಅವರು ಅಲ್ಲಿಂದಲೇ ಅದರ ಹೆಸರು ಕರೆಯುತ್ತಿದ್ದರು. ಮೊದಲು ಮತ್ತಿನ ಮದ್ದು, ಅದು ಮೈಗೆ ಹತ್ತಿ ಕಾಲುಗಳು ನಿಂತ ಮೇಲೆ ಎರಡನೆಯದು. ಹೃದಯ ನಿಂತದ್ದನ್ನು ಕೇಳಿಸಿಕೊಂಡು, ಕಣ್ಣಿನ ಮೇಲೆ ಬೆರಳಿಟ್ಟು ನೋಡಿ, ಆಯಿತು ಎಂದೆ. ಅಮ್ಮ ಒಳಗೆ ಹೋದರು.

ರೇಬೀಸ್ ಪರೀಕ್ಷೆಗೆ ಮೆದುಳಿನ ಮಾದರಿ ಕಳಿಸಲೇಬೇಕು. ಮನೆಯ ಹಿಂದಿನ ಖಾಲಿ ಜಾಗದಲ್ಲಿ ಜೆಸಿಬಿ ಗುಂಡಿ ತೋಡುತ್ತಿತ್ತು. ಅದರ ಪಕ್ಕದಲ್ಲಿ ಟಾರ್ಪಾಲು ಕಟ್ಟಿಸಿ, ಮುಖಗವಸು, ಕನ್ನಡಕ, ಎರಡು ಜೊತೆ ಕೈಗವಸು ಹಾಕಿಕೊಂಡು ತಲೆ ತೆರೆದೆ. ಎಡ ಭಾಗದ ಮೆದುಳು ಮುಟ್ಟಿದರೆ ಗಟ್ಟಿಯಿರಲಿಲ್ಲ. ಕತ್ತಿ ತಾಗಿಸಿದಾಗ ಒಳಗಿನ ಬಿಳಿಯ ಭಾಗ ಹಳದಿ ನೀರಾಗಿ ಹೊರಗೆ ಹರಿಯಿತು. ಅಲ್ಲಿ ಒಂದು ಮೂಸಂಬಿ ಹಿಡಿಸುವಷ್ಟು ಗುಳಿ ಉಳಿಯಿತು. ರೇಬೀಸ್ ಹೀಗೆ ಮಾಡುವುದಿಲ್ಲ. ಬೂಷ್ಟಿನ ವಿಷ ಮಾಡುವ ಇಂಥ ಗುಳಿಯ ಚಿತ್ರವನ್ನು ಪುಸ್ತಕದಲ್ಲಿ ನೋಡಿದ್ದೆ. ಮಾದರಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕುವಾಗ ಒಂದು ಮುಚ್ಚಳ ಕೆಳಗೆ ಬಿತ್ತು. ಅದನ್ನು ಬಿಟ್ಟು ಹೊಸದನ್ನು ತೆಗೆದುಕೊಂಡೆ.

ಇನ್ನು ಜೋಳದ ಪ್ರಶ್ನೆ. ಪರೀಕ್ಷೆಗೆಂದು ಪ್ರತಿ ಚೀಲದಿಂದಲೂ, ಡಬ್ಬದಿಂದಲೂ ಬೇರೆ ಬೇರೆ ತೆಗೆದಿಟ್ಟೆ. ಉಳಿದದ್ದನ್ನು ರೈತರೇ ಹಸುಗಳಿಗೆ ವಾಪಸ್ ಒಯ್ಯಲಿ ಎಂದರು ಸಾಹೇಬರು. ವರದಿ ಬರುವವರೆಗೆ ಮೂಲೆಯಲ್ಲಿ ಇಟ್ಟಿರೋಣ ಎಂದೂ ಕೇಳಿದರು. ಆ ಮನೆಯಲ್ಲಿ ಆ ಕಾಳು ಒಂದು ದಿನ ಇದ್ದರೂ ಅದು ಗೋದಲಿಗೆ ಹೋಗುವ ಹಾದಿಯಲ್ಲೇ ಇರುತ್ತದೆ ಎಂದು ನನಗನಿಸಿತು. ಏನನ್ನೂ ಹಾಳು ಮಾಡದ ಕೈಗಳು ಆ ಮನೆಯಲ್ಲಿದ್ದವು. ಹೂಳಬೇಕು, ಈಗಲೇ, ಇದೇ ಗುಂಡಿಗೆ ಎಂದೆ. ಚಮೇಲಿಯನ್ನು ಇಳಿಸಿ ಸುಣ್ಣ ಹಾಕಿದ ಮೇಲೆ ಸಾಹೇಬರೂ ಜೆಸಿಬಿಯವರೂ ಚೀಲಗಳನ್ನು ಒಂದೊಂದಾಗಿ ತಂದು ಸುರಿಯತೊಡಗಿದರು.

ಕಾಳು ಸುರಿಯುವ ಸದ್ದಿಗೆ ಅಮ್ಮ ಹಿತ್ತಿಲ ಬಾಗಿಲಿಗೆ ಬಂದರು.

"ರೀ, ಅದ್ಯಾಕೆ ಸುರೀತಿದ್ದೀರಾ? ತಿನ್ನೋ ಕಾಳ್ನ ಯಾರಾದ್ರೂ ಮಣ್ಣಿಗೆ ಹಾಕ್ತಾರಾ?"

ಸಾಹೇಬರು ಚೀಲ ಹಿಡಿದುಕೊಂಡೇ ನಿಂತರು. "ಜೊಲ್ಲು ಗಿಲ್ಲು ಬಿದ್ದಿರ್ತದೆ ಅಂತ... ನೀನು ಒಳಗೋಗು."

"ಚೀಲ ಹೊಲ್ದಿದೆಯಲ್ರೀ. ಹೊಲ್ದಿರೋ ಚೀಲದೊಳಗೆ ಜೊಲ್ಲು ಎಲ್ಲಿಂದ ಬರ್ತದೆ? ಆ ಮಕ್ಳಿಗೆ ಸಾಯಂಕಾಲಕ್ಕೆ ಏನು ಹಾಕ್ಲಿ?" ಅವರು ನನ್ನ ಕಡೆ ತಿರುಗಿದರು. "ನೀವು ಹೇಳಿ ಮೇಡಂ."

ಸಾಹೇಬರು ನನ್ನನ್ನು ನೋಡಿದರು. ಆ ನೋಟ ಏನು ಕೇಳುತ್ತಿತ್ತೆಂದು ನನಗೆ ಗೊತ್ತಿತ್ತು. ನಾಯಿ ಎಂದುಬಿಟ್ಟರೆ ಎಲ್ಲರೂ ನಂಬುತ್ತಿದ್ದರು. ಆದರೆ ಸಂಜೆ ಆ ಎರಡು ಕುದುರೆಗಳಿಗೆ ಮೇವು ಹಾಕುವವರು ಇವರೇ, ಮುಂದಿನ ಸುಗ್ಗಿಯಲ್ಲಿ ಬರುವ ಚೀಲವನ್ನು ಜರಡಿ ಹಿಡಿಯುವವರೂ ಇವರೇ. ಗಂಡ ಮೆರವಣಿಗೆಗೆ ಹೋದ ದಿನ ಡಬ್ಬದ ತಳದಲ್ಲಿ ಉಳಿದ ನುಚ್ಚನ್ನು ಏನು ಮಾಡಬೇಕೆಂದು ಇವರಿಗೆ ಗೊತ್ತಿರಬೇಕು.

ಕೈಗವಸು ಕಳಚಿ, ಸೋಪಿನಿಂದ ಕೈ ತೊಳೆದುಕೊಂಡು, ಅವರ ಹತ್ತಿರ ಹೋದೆ.

"ಅಮ್ಮ, ನಾಯಿ ಅಲ್ಲ. ಜೋಳದಲ್ಲಿ ಬೂಷ್ಟಿನ ವಿಷ ಇತ್ತು. ಹೊಲದಲ್ಲೇ ಬಂದದ್ದು. ಕಣ್ಣಿಗೆ ಕಾಣಲ್ಲ, ನಾನು ನೋಡಿದಾಗಲೂ ನನಗೆ ಗ್ಯಾರಂಟಿ ಇರಲಿಲ್ಲ. ಅದು ಕುದುರೆಗೆ ಮಾತ್ರ ಹೀಗೆ ಮಾಡುತ್ತೆ."

"ಮೂರೂ ತಿಂದ್ವಲ್ಲ" ಎಂದರು. "ಇವ್ಳಿಗ್ ಮಾತ್ರ ಯಾಕೆ?"

ಸಾಹೇಬರು ಚೀಲ ಕೆಳಗಿಟ್ಟರು.

"ಒಡಕಲಲ್ಲಿ, ಹುಡಿಯಲ್ಲಿ ವಿಷ ಜಾಸ್ತಿ ಇರುತ್ತೆ" ಎಂದೆ.

ಅಮ್ಮ ಗುಂಡಿಯ ಅಂಚಿಗೆ ಬಂದು ಒಳಗೆ ನೋಡಿದರು. ಸುಣ್ಣದ ಮೇಲೆ ಹಳದಿ ಕಾಳು ಬಿದ್ದಿತ್ತು. "ಇಡಿಗಾಳು ಕೊಟ್ಟಿದ್ರೆ ಅಗೀತಿರ್ಲಿಲ್ಲ" ಎಂದರು. ನನಗೆ ಹೇಳಿದ್ದಲ್ಲ. ಆಮೇಲೆ ತಾವೇ ಕೋಣೆಗೆ ಹೋಗಿ ನುಚ್ಚಿನ ಡಬ್ಬವನ್ನು ತಂದು, ಬೋರಲು ಹಾಕಿ, ತಳವನ್ನು ಎರಡು ಸಲ ತಟ್ಟಿ ಖಾಲಿ ಮಾಡಿದರು. ಡಬ್ಬವನ್ನೂ ಗುಂಡಿಗೆ ಬಿಟ್ಟರು.

ನಂತರದ ವಾರಗಳು ಉಳಿದೆರಡು ಕುದುರೆಗಳವು. ವಿಷ ನಿಲ್ಲಿಸಿದ ಮೇಲೂ ಲಕ್ಷಣ ಕಾಣಿಸಬಹುದು ಎಂದು ಗುರುಗಳು ಎಚ್ಚರಿಸಿದ್ದರು. ನಾನು ದಿನವೂ ಹೋಗಿ ಕಣ್ಣ ಮುಂದೆ ಕೈ ಬೀಸುತ್ತಿದ್ದೆ, ತುಟಿ ಎಳೆದು ನೋಡುತ್ತಿದ್ದೆ, ಎರಡೂ ಕಡೆಗೆ ಸುತ್ತಿಸುತ್ತಿದ್ದೆ. ಒಮ್ಮೆ ಬಿಳಿ ಗಂಡು ನೀರಿನ ತೊಟ್ಟಿಗೆ ಮುಗ್ಗರಿಸಿತು. ಅದಕ್ಕೆ ಕಾರಣ ಗೊರಸಿನಲ್ಲಿ ಸಿಕ್ಕಿಕೊಂಡಿದ್ದ ಕಲ್ಲು ಎಂದು ತಿಳಿಯುವವರೆಗೆ ಸಾಹೇಬರೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೇವಿನ ಕ್ರಮವನ್ನೆಲ್ಲ ಬದಲಿಸಬೇಕಾಯಿತು. ಜೋಳ ನಿಂತಿತು ಎಂದು ಒಮ್ಮೆಗೇ ಹುರುಳಿ ಹೆಚ್ಚಿಸುವಂತಿಲ್ಲ, ಹೊಟ್ಟೆ ಉಬ್ಬುತ್ತದೆ, ಗೊರಸಿಗೆ ಉರಿಯೂತ ಬರುತ್ತದೆ. ಕುದುರೆಯ ಹೊಟ್ಟೆ ಚಿಕ್ಕದು, ದಿನವಿಡೀ ಸ್ವಲ್ಪ ಸ್ವಲ್ಪ ಮೇಯುವಂಥದು. ಮೊದಲು ಹುಲ್ಲು, ಆಮೇಲೆ ಕಾಳು. ಒರಟು ರಾಗಿ ಹುಲ್ಲಿಗೆ ಗರಿಕೆ, ಕುದುರೆ ಮಸಾಲೆ ಎನ್ನುವ ಮೇವಿನ ಸೊಪ್ಪು ಬೆರೆಸಿದೆವು. ಹೊಸದನ್ನು ಹಿಡಿಹಿಡಿಯಾಗಿ ಹೆಚ್ಚಿಸುತ್ತ ಹೋದೆವು. ಕಾಳನ್ನು ಡಬ್ಬದ ಅಳತೆ ಬಿಟ್ಟು ತಕ್ಕಡಿಯಲ್ಲಿ ತೂಗಿದೆವು. ಸವಾರಿಯಿಲ್ಲದ ದಿನ ಅರ್ಧಕ್ಕೆ ಇಳಿಸಿದೆವು. ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಒಂದು ಕೈ ದೂರ. ಹಳೆಯದು ಮುಗಿಯದೆ ಹೊಸದು ಬಿಚ್ಚುವಂತಿಲ್ಲ.

ಹಾಳಾಗುತ್ತಿದ್ದ ಹುಲ್ಲನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ನೆಲಕ್ಕೆ ಹಾಕಿದ ಹುಲ್ಲನ್ನು ಕುದುರೆಗಳು ಕೆದರಿ, ತುಳಿದು, ಅದರ ಮೇಲೇ ಉಚ್ಚೆ ಹೊಯ್ದು ಬಿಡುತ್ತಿದ್ದವು. ದಿನವೂ ಬುಟ್ಟಿಗಟ್ಟಲೆ ತಿಪ್ಪೆಗೆ ಹೋಗುತ್ತಿತ್ತು. ಅದು ಯಾರ ಕಣ್ಣಿಗೂ ಹಾಳೆಂದು ಕಂಡಿರಲಿಲ್ಲ, ಹುಲ್ಲು ಅಂದರೆ ಹಾಗೇ ಎಂದುಕೊಂಡಿದ್ದರು. ಸಾಹೇಬರು ತೆಂಗಿನ ಹಗ್ಗದಲ್ಲಿ ಬಲೆಯಂಥ ಚೀಲ ಹೆಣೆದರು. ಕಾಲು ಸಿಕ್ಕಿಕೊಳ್ಳದಷ್ಟು ಎತ್ತರಕ್ಕೆ ಕಟ್ಟಿದೆವು. ಕುದುರೆಗಳು ಬಲೆಯ ಕಣ್ಣುಗಳಿಂದ ಎಳೆದೆಳೆದು ನಿಧಾನವಾಗಿ ತಿಂದವು. ಕೆಳಗೆ ಬಿದ್ದದ್ದು ಒಂದು ಹಿಡಿ. ಹುಲ್ಲಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು. ಉಳಿತಾಯ ಇದ್ದದ್ದು ಇಲ್ಲಿ. ಚೀಲದ ತಳದ್ದನ್ನು ಮಾತ್ರ, ಅದು ಯಾವ ಕಾಳೇ ಇರಲಿ, ಎಸೆಯಬೇಕು. ಕಲಿಸಲು ತೀರಾ ಕಷ್ಟವಾದದ್ದು ಈ ಒಂದು ಮಾತು. ಸಾಹೇಬರು ಹುರುಳಿಯ ಹುಡಿಯನ್ನು ಮೊರದಲ್ಲಿ ಹಿಡಿದು ತಿಪ್ಪೆಯವರೆಗೆ ಹೋಗಿ, ಅಲ್ಲಿ ನಿಂತು, ಹೆಂಡತಿ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಸುರಿಯುತ್ತಿದ್ದರು.

ರೇಬೀಸ್ ಇಲ್ಲವೆಂದು ವರದಿ ಬಂತು. ಕಾಳಿನ ವರದಿ ಬರಲು ಇನ್ನೂ ತಡವಾಯಿತು. ಎಲ್ಲ ಚೀಲದಲ್ಲೂ ವಿಷವಿತ್ತು, ಡಬ್ಬದ ಮಾದರಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಓದಿ ಹೇಳಿದೆ. ಅಮ್ಮ ಕೇಳಿಸಿಕೊಂಡು ಚಹಾ ತಂದುಕೊಟ್ಟರು.

ಅದಾಗಿ ಕೆಲವು ತಿಂಗಳ ಮೇಲೆ ಜಂತುಹುಳದ ಮದ್ದು ಹಾಕಲು ಹೋಗಿದ್ದೆ. ಎರಡೂ ಗಂಡುಗಳು ಮೈತುಂಬಿಕೊಂಡಿದ್ದವು, ಕೂದಲು ಹೊಳೆಯುತ್ತಿತ್ತು. ಲಾಯ ಗುಡಿಸಿ ತೊಳೆದಿತ್ತು. ಗೋದಲಿ ಎಷ್ಟು ಉಜ್ಜಿದ್ದರೆಂದರೆ ಹಲಗೆಯ ಎಳೆಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು.

"ಎಲ್ಲಾ ಅವ್ಳೇ ಮಾಡ್ತಾಳೆ. ನೀರು ಇಡ್ತಾಳೆ, ಮೈ ಉಜ್ಜುತಾಳೆ. ತಿನ್ನೋಕೆ ಮಾತ್ರ ಏನೂ ಹಾಕಲ್ಲ. ನಾನು ಮದ್ವೆಗೆ ಹೋದ್ರೆ ಪಕ್ಕದ್ಮನೆಯವ್ರನ್ನ ಕರೀತಾಳೆ" ಎಂದರು ಸಾಹೇಬರು.

ಅಷ್ಟರಲ್ಲಿ ಅಮ್ಮ ಬಕೆಟ್ ಹಿಡಿದು ಬಂದರು. ಅವರ ಹೆಜ್ಜೆ ಕೇಳಿ ಕಂದು ಕುದುರೆ ಮೂಗಿನಲ್ಲೇ ಸಣ್ಣಗೆ ಕರೆಯಿತು, ಕತ್ತು ಚಾಚಿ ಅವರ ಭುಜವನ್ನು, ಸೆರಗನ್ನು, ಕೈಯನ್ನು ಮೂಸಿತು. ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಬಲೆಯಿಂದ ಒಂದು ಹಿಡಿ ಗರಿಕೆ ತೆಗೆದು ಅವರ ಮುಂದೆ ಹಿಡಿದೆ. "ಇದರಲ್ಲಿ ಏನೂ ಇಲ್ಲಮ್ಮ. ನಾನೇ ನೋಡಿದ್ದೀನಿ. ನೀವು ಕೊಡಿ."

ಅವರು ಹುಲ್ಲನ್ನು ನೋಡಿದರು. ಒಂದೊಂದು ಎಳೆಯನ್ನೂ ನೋಡುವಂತೆ ನೋಡಿದರು.

"ಗೊತ್ತು ಮೇಡಂ" ಎಂದರು. "ನೀವೇ ಕೊಟ್ಬುಡಿ."

ಕೊಟ್ಟೆ. ಕುದುರೆ ನನ್ನ ಕೈಯಿಂದ ತೆಗೆದುಕೊಂಡು, ಅವರ ಕಡೆ ನೋಡುತ್ತ ಅಗಿಯಿತು. ಅದು ನುಂಗುವವರೆಗೂ ಅಮ್ಮ ಅಲ್ಲೇ ನಿಂತಿದ್ದರು.